ಅತ್ತೆಯ ಅರ್ಧ ಆಟ, ಭಾವನ ಜಾವಾ

ನಮ್ಮ ಭಾವನಿಗೆ ಯಾವುದನ್ನೂ ಇದ್ದ ಹಾಗೆ ಬಿಡಲು ಬರುವುದಿಲ್ಲ. ಶಿರಸಿಯ ಕಾಲೇಜೊಂದರಲ್ಲಿ ಜಾವಾ ಎಂಬ ಕಂಪ್ಯೂಟರ್ ಭಾಷೆ ಕಲಿಸುವ ಈ ನನ್ನ ತಂಗಿಯ ಗಂಡ (ನಮ್ಮ ಕಡೆ ಅವನೂ ಭಾವನೇ) ಗೇಟಿನ ಚಿಲಕ ಸುಧಾರಿಸಿದ ಮೇಲೆ ನಾವೆಲ್ಲ ಬೇಲಿ ಹಾರಿ ಓಡಾಡಿದ್ದುಂಟು.

ಕೋಲಸಿರ್ಸಿಯ ಅವನ ಮನೆಯಲ್ಲೇ ಅವನ ಸೋದರತ್ತೆಯೂ ಇದ್ದಾರೆ. ಅವರಿಗೆ ಗುಳಿಗಳಲ್ಲಿ ಬೀಜ ಹಾಕಿ ಆಡುವ ಚನ್ನೆಮಣೆ ಎಂದರೆ ಪ್ರಾಣ. ಆದರೆ ಆಟ ಅರ್ಧಕ್ಕೆ ಬಿಟ್ಟು ಊಟ ಮುಗಿಸಿ ಬರುವಷ್ಟರಲ್ಲಿ ಬೆಕ್ಕು ಮಣೆ ಹತ್ತಿ ಹುಣಸೆಬೀಜ ಚೆಲ್ಲಿರುತ್ತಿತ್ತು. ಆಮೇಲೆ ಗೆಲ್ಲುತ್ತಿದ್ದವರು ಯಾರು ಎಂದು ಅತ್ತೆಗೂ ಅಳಿಯನಿಗೂ ಜಗಳ. ಭಾವ ಆಟವನ್ನೇ ಕಂಪ್ಯೂಟರಿಗೆ ಹಾಕಿದ. ಎಲ್ಲಿ ಬೇಕಾದರೂ ನಿಲ್ಲಿಸಿ ಮರುದಿನ ಮುಂದುವರಿಸಬಹುದು.

"ಕರೆಂಟು ಹೋದ್ರೆ ಎಂತ ಗತಿ?" ಎಂದೆ.

"ಹೋಗ್ಲಿ. ಆಟ ಒಂದು ಆಬ್ಜೆಕ್ಟು. ಯಾವ ಗುಳಿಲಿ ಎಷ್ಟು ಬೀಜ ಇದ್ದು ಹೇಳದನ್ನ ಜಾವಾ ಬೈಟುಗಳ ಸಾಲು ಮಾಡಿ ಫೈಲಿಗೆ ಬರೀತು. ಆ ಸಾಲು ಓದಿ ತಿರುಗಿ ಆಟ ಕಟ್ತು. ಇದಕ್ಕೇ ಸೀರಿಯಲೈಸೇಶನ್ ಹೇಳದು."

ಅತ್ತೆ ಸೀರಿಯಲ್ಲು ಎಂದಷ್ಟೇ ಕೇಳಿಸಿಕೊಂಡು, "ಎಷ್ಟು ಗಂಟೆಗೆ ಬತ್ತು?" ಎಂದರು.

ಗೆಲ್ಲುವ ಹಂತದಲ್ಲಿದ್ದ ಆಟ ನಿಲ್ಲಿಸಿ ಅವರು ಕಣ್ಣಿನ ಪೊರೆ ತೆಗೆಸಲು ಹೊರಟರು. "ಬಂದು ಸೋಲಿಸ್ತೆ, ಹಂಗೇ ಇರ್ಲಿ." ಇರಲು ಬಿಡುವವನೇ ಭಾವ? ಅತ್ತೆಗೆ ಚೆನ್ನಾಗಿ ಕಾಣಲೆಂದು ಬೀಜದ ಗಾತ್ರ ಹಿಗ್ಗಿಸುವ ಹೊಸ ಅಂಶವೊಂದನ್ನು ಪ್ರೋಗ್ರಾಮಿಗೆ ಸೇರಿಸಿದ. ಅವರು ಬಂದು ಕುಳಿತರೆ ಹಳೆಯ ಫೈಲು ತೆರೆಯಲೇ ಇಲ್ಲ. ಫೈಲಿನಲ್ಲಿರುವುದು ಬೀಜಗಳ ವಿವರ ಮತ್ತು ಒಂದು ಗುರುತಿನ ಸಂಖ್ಯೆ ಮಾತ್ರ. ಮಣೆ ಹೇಗಿರಬೇಕೆಂಬ ನಕ್ಷೆ ಇರುವುದು ಪ್ರೋಗ್ರಾಮಿನಲ್ಲಿ. ನಕ್ಷೆ ಬದಲಾದಾಗ ಅದರ ಗುರುತಿನ ಸಂಖ್ಯೆಯೂ ಬದಲಾಗಿ ಫೈಲಿನ ಸಂಖ್ಯೆಗೆ ತಾಳೆಯಾಗಲಿಲ್ಲ. ಈ ಆಟ ನನ್ನದಲ್ಲ ಎಂದು ಜಾವಾ ಕೈ ಕೊಡವಿಬಿಟ್ಟಿತು.

"ಸೋಲ್ತೆ ಹೇಳಿ ಅಳಿಸಿ ಹಾಕಿದ್ಯ?" ಎಂದ ಅತ್ತೆ ಅವನೊಡನೆ ಮಾತು ಬಿಟ್ಟರು.

ಭಾವನ ಮುಖ ಬಾಡಿತು. ಪರದೆಯ ಮೇಲಿನ ತಪ್ಪಿನ ಸಂದೇಶವನ್ನು ಮತ್ತೆ ಮತ್ತೆ ಓದಿದಾಗ ಹಳೆಯ ಸಂಖ್ಯೆ ಅದರಲ್ಲೇ ಇರುವುದು ಕಂಡಿತು. ಅದನ್ನೇ ಹೊಸ ನಕ್ಷೆಗೂ ಕೊಟ್ಟ. ಅತ್ತೆಯ ಕಣ್ಣೆದುರೇ ಫೈಲು ತೆರೆಯಿತು. ಮಣೆ ಬಂತು, ಗುಳಿಗಳು ಬಂದವು, ಬೀಜ ಮಾತ್ರ ಒಂದೂ ಇಲ್ಲ.

"ಆಪರೇಶನ್ ಸರಿ ಆಜಿಲ್ಲೆ ಕಾಣ್ತು," ಎಂದು ಅತ್ತೆ ಹೆದರಿ ಕಣ್ಣಿಗೆ ಕೈ ಒಯ್ದರು.

"ಉಜ್ಜಡ ಅತ್ತೆ! ಕಣ್ಣು ಸರಿ ಇದ್ದು."

ಹಳೆಯ ಫೈಲಿಗೆ ಬೀಜದ ಗಾತ್ರವೆಂಬುದೇ ಗೊತ್ತಿರಲಿಲ್ಲವಲ್ಲ, ಗೊತ್ತಿಲ್ಲದ ಕಡೆ ಜಾವಾ ಸೊನ್ನೆ ತುಂಬಿತ್ತು. ಸೊನ್ನೆ ಗಾತ್ರದ ಬೀಜ ಯಾವ ಡಾಕ್ಟರು ತಿದ್ದಿದ ಕಣ್ಣಿಗೆ ಕಂಡೀತು?

ಭಾವ ಗಾತ್ರ ಸರಿಮಾಡಿದ. ಬೀಜಗಳೆಲ್ಲ ಇದ್ದ ಗುಳಿಯಲ್ಲೇ, ನಿಂಬೆಹಣ್ಣಿನಷ್ಟು ದಪ್ಪಗೆ ಮೂಡಿದವು.

"ನೋಡು, ನಿಂದೇ ಗೆಲುವು."

ಅತ್ತೆ ನೋಡುತ್ತಿದ್ದುದು ಪರದೆಯನ್ನಲ್ಲ. "ತಮಾ, ನಿನ್ನ ತಲೆ ಯಾವಾಗ ಇಷ್ಟು ಬೆಳ್ಳಗಾತು?"

ಭಾವ ಕುರ್ಚಿ ಹತ್ತಿರ ಎಳೆದುಕೊಂಡು, ಅವರ ಕೈಗೆ ಎಟುಕುವಷ್ಟು ತಲೆ ಬಗ್ಗಿಸಿ ಕುಳಿತ.