ಟಿವಿ ಟ್ಯೂನರ್ ಮತ್ತು ನನ್ನ ಪಿತ್ತ

ನನಗೆ ಸಿಟ್ಟು ಜಾಸ್ತಿ ಎಂದು ಶಾಲೆಯಲ್ಲೂ ಹೇಳುತ್ತಾರೆ, ಮನೆಯಲ್ಲೂ ಹೇಳುತ್ತಾರೆ. ಸಿಟ್ಟು ಬರಿಸುವವರೆಲ್ಲ ಸಾಲು ಹಿಡಿದು ನನ್ನ ಹತ್ತಿರವೇ ಬರುತ್ತಾರೆ ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ. ಬೇರೆಯವರು ಅಂಗಡಿಗೆ ಹೋದರೆ ಸಾಮಾನು ತರುತ್ತಾರೆ. ನಾನು ಹೋದರೆ ರಕ್ತದೊತ್ತಡ ತರುತ್ತೇನೆ.

ಗುರುವಾಯನಕೆರೆಯಲ್ಲಿ ನಮ್ಮ ಮನೆ. ನಾನು ಹೈಸ್ಕೂಲಿನಲ್ಲಿ ಗಣಿತ ಟೀಚರ್. ಮನೆಯಲ್ಲಿದ್ದದ್ದು ಹಾಲ್‌ನ ಒಂದೇ ಟಿವಿ, ಅದು ಅತ್ತೆಯದು. ಸಂಜೆಯಾದರೆ ಅತ್ತೆ ಧಾರಾವಾಹಿ ಹಾಕುತ್ತಿದ್ದರು. ನನ್ನ ಗಂಡ ಪಕ್ಕದಲ್ಲಿ ಪೇಪರ್ ಓದುವವರ ಹಾಗೆ ಕೂತು, ಪೇಪರಿನ ಮರೆಯಲ್ಲಿ ಕಣ್ಣು ಒರೆಸಿಕೊಳ್ಳುತ್ತಿದ್ದರು. ನನಗೆ ಬೇಕಾದದ್ದು ಕ್ರಿಕೆಟ್. ಅತ್ತ ಕೊನೆಯ ಓವರಿನಲ್ಲಿ ಒಂಬತ್ತು ರನ್ ಬೇಕು ಎನ್ನುವಾಗ ಇತ್ತ ಧಾರಾವಾಹಿಯ ಸೊಸೆ ಪಾಯಸಕ್ಕೆ ವಿಷ ಹಾಕುತ್ತಿದ್ದಳು.

ನನ್ನ ಸಂಬಳದಲ್ಲೇ ಇನ್ನೊಂದು ಟಿವಿ ತರುತ್ತೇನೆ ಎಂದೆ. ಅತ್ತೆ ಎದೆ ಮುಟ್ಟಿಕೊಂಡರು. "ಒಂದು ಮನೆಗೆ ಎರಡು ಟಿವಿಯಾ? ನಾನು ಸತ್ತ ಮೇಲೆ ಪಾಲು ಮಾಡಿಕೊಳ್ಳಿ ಮಾರಾಯ್ತಿ."

ಪ್ರಶ್ನೆಪತ್ರಿಕೆ ಟೈಪ್ ಮಾಡಲು ಕೋಣೆಯಲ್ಲಿ ನನ್ನದೊಂದು ಕಂಪ್ಯೂಟರ್ ಇತ್ತು. ಅದಕ್ಕೊಂದು ಟಿವಿ ಟ್ಯೂನರ್ ಹಾಕಿಸಿ ಕೇಬಲ್ ವಯರು ಚುಚ್ಚಿದರೆ ಅದರಲ್ಲೇ ಚಾನೆಲ್ ಬರುತ್ತದೆ ಎಂದು ಗೊತ್ತಾಯಿತು. ಸರಿ, ಹುಡುಕಲು ಹೊರಟೆ.

ಬಿಳಿಯದ್ದು

ಮೊದಲು ಬೆಳ್ತಂಗಡಿಯ ಅಂಗಡಿ. ಸ್ಕೂಟರ್ ಬಿಡಲು ಗಂಡ ಬಂದಿದ್ದರು. ನಾನು ಕೌಂಟರಿನ ಮುಂದೆ ನಿಂತು, "ಟಿವಿ ಟ್ಯೂನರ್ ಕಾರ್ಡ್ ಉಂಟಾ?" ಎಂದು ಕೇಳಿದೆ.

ಅಂಗಡಿಯವರು ನನ್ನ ತಲೆಯ ಮೇಲಿನಿಂದ ಗಂಡನನ್ನು ನೋಡಿ, "ಉಂಟು ಸರ್" ಎಂದರು.

"ನನ್ನ ಕಂಪ್ಯೂಟರ್ ಸ್ವಲ್ಪ ಹಳೆಯದು, ಆಗ್ತದಾ?"

"ಸರ್, ಅವರದ್ದು ಯಾವ ಕಂಪ್ಯೂಟರ್?"

ನಾನು ಪ್ರೊಸೆಸರ್ ಯಾವುದು, ಮೆಮೊರಿ ಎಷ್ಟು ಎಂದು ಗಡಗಡ ಹೇಳಿದೆ. ಅವರು ನನ್ನ ಕಡೆ ತಿರುಗಲೂ ಇಲ್ಲ. ಗಂಡನ ಬಾಯಿಯನ್ನೇ ನೋಡುತ್ತಿದ್ದರು. ನನ್ನ ಗಂಡ ಜನ್ಮದಲ್ಲಿ ಆ ಕಂಪ್ಯೂಟರಿನ ಸ್ವಿಚ್ ಒತ್ತಿದವರಲ್ಲ. ಆದರೂ ಕೇಳಿದ್ದಕ್ಕೆ ಉತ್ತರ ಕೊಡದಿದ್ದರೆ ಮರ್ಯಾದೆಯಲ್ಲ ಎಂದು ತುಂಬ ಯೋಚಿಸಿ ಹೇಳಿದರು: "ಬಿಳಿಯದ್ದು."

ಅಂಗಡಿಯವರ ಮುಖ ಅರಳಿತು. "ಬಿಳಿಯದ್ದಾ? ಹಾಗಾದರೆ ಧೈರ್ಯದಲ್ಲಿ ಹಾಕ್ಬಹುದು ಸರ್."

ನೀಲಿ

ಮುಂದಿನ ಶನಿವಾರ ಗಂಡನನ್ನು ಮನೆಯಲ್ಲೇ ಬಿಟ್ಟು ಬಸ್ಸು ಹತ್ತಿ ಮೂಡುಬಿದಿರೆಗೆ ಹೋದೆ. ಅಲ್ಲಿಯ ಅಂಗಡಿಯವರು ನನ್ನ ಜೊತೆಯೇ ಮಾತಾಡಿದರು. ಎಷ್ಟು ಮಾತಾಡಿದರೆಂದರೆ ನನಗೆ ಬಾಯಿ ತೆರೆಯಲು ಎಡೆಯೇ ಸಿಗಲಿಲ್ಲ.

"ಇದರಲ್ಲಿ ರಿಮೋಟ್ ಉಂಟು, ರೆಕಾರ್ಡಿಂಗ್ ಉಂಟು, ರೇಡಿಯೋ ಸಹ ಬರ್ತದೆ ಮೇಡಂ."

"ನಮ್ಮ ಕೇಬಲಿನ ಚಾನೆಲ್ ಎಲ್ಲ ಹಿಡೀತದಾ?"

"ರೇಡಿಯೋ ತುಂಬ ಕ್ಲಿಯರ್."

"ನನಗೆ ರೇಡಿಯೋ ಬೇಡ. ಕ್ರಿಕೆಟಿನಲ್ಲಿ ಬಾಲ್ ಕಾಣ್ತದಾ ಇಲ್ವಾ, ಅದು ಹೇಳಿ."

"ನೀವೇ ನೋಡಿ ಮೇಡಂ" ಎಂದು ಅಂಗಡಿಯ ಕಂಪ್ಯೂಟರಿಗೆ ಕಾರ್ಡ್ ಸಿಕ್ಕಿಸಿದರು. ಪರದೆ ಪೂರ್ತಿ ನೀಲಿಯಾಯಿತು. ಚಾನೆಲ್ ಬದಲಿಸಿದರು, ನೀಲಿ. ಮತ್ತೆ ಬದಲಿಸಿದರು, ಮತ್ತೆ ನೀಲಿ. ನನ್ನ ಹಲ್ಲು ಕಟಕಟ ಎನ್ನತೊಡಗಿತು.

"ಏನಿದು?" ಎಂದೆ.

"ಅದು, ನಮ್ಮ ಅಂಗಡಿಗೆ ಕೇಬಲ್ ಕನೆಕ್ಷನ್ ಇಲ್ಲ ಮೇಡಂ. ಆದರೆ ನೀಲಿ ನೋಡಿ, ಎಷ್ಟು ಚಂದ ಬಂದಿದೆ!"

ಒಳಗೋ ಹೊರಗೋ

ಟ್ಯೂನರಿನಲ್ಲಿ ಎರಡು ಜಾತಿ. ಒಂದನ್ನು ಕಂಪ್ಯೂಟರಿನ ಒಳಗೆ ಹಾಕಬೇಕು, ಇನ್ನೊಂದು ಹೊರಗೆ ಇಡುವ ಡಬ್ಬಿ. ಯಾವುದು ಒಳ್ಳೆಯದೆಂದು ಸ್ಟಾಫ್ ರೂಮಿನಲ್ಲಿ ಕೇಳಿದ್ದು ನನ್ನ ಕರ್ಮ.

"ಒಳಗೆ ಹಾಕಿದರೆ ಬಿಸಿ ಆಗ್ತದೆ, ಹೊರಗೇ ಹಾಕಿ" ಎಂದರು ವಿಜ್ಞಾನದ ಟೀಚರ್.

"ಒಳಗೇ ಇರ್ಲಿ. ಹೊರಗಿದ್ದರೆ ಕಳ್ಳರ ಕಣ್ಣಿಗೆ ಬೀಳ್ತದೆ" ಎಂದರು ಪಿಟಿ ಮಾಸ್ಟ್ರು.

ಇಬ್ಬರೂ ನನ್ನನ್ನು ಮರೆತು ಜಗಳಕ್ಕೇ ಇಳಿದರು. ನನಗೆ ತಡೆಯಲಾಗಲಿಲ್ಲ. ಮೇಜು ಗುದ್ದಿ, "ಸಾಕು! ಹೊರಗೇ ಹಾಕ್ತೇನೆ, ಇವತ್ತೇ ಹಾಕ್ತೇನೆ!" ಎಂದು ಕೂಗಿದೆ.

ಅಷ್ಟರಲ್ಲಿ ಬಾಗಿಲಲ್ಲಿ ಹೆಡ್ ಮಾಸ್ಟ್ರು. ಮುಖ ಬಿಳುಚಿತ್ತು. "ಗಡಿಬಿಡಿ ಮಾಡ್ಬೇಡಿ ಟೀಚರೇ. ಹೊರಗೆ ಹಾಕುವ ಮೊದಲು ಹುಡುಗನ ಅಪ್ಪನನ್ನು ಒಮ್ಮೆ ಕರೆಸಿ ಮಾತಾಡುವ."

ಶಬ್ದ

ಕಡೆಗೆ ಒಳಗಿನದ್ದನ್ನೇ ತೆಗೆದುಕೊಂಡೆ. ಹೊರಗೊಂದು ಡಬ್ಬಿ ಕಂಡರೆ ಅತ್ತೆ ಅದನ್ನೂ ಎರಡನೆಯ ಟಿವಿ ಎಂದು ಲೆಕ್ಕ ಹಿಡಿಯುತ್ತಿದ್ದರು. ಮಡಂತ್ಯಾರಿನಿಂದ ಒಬ್ಬ ರಿಪೇರಿಯವರು ಬಂದರು. ನಾನು ಶಾಲೆಗೆ ರಜೆ ಹಾಕಿ ಕಾದದ್ದು. ಕಾರ್ಡ್ ಕೂತಿತು, ಚಾನೆಲ್‌ಗಳು ಒಂದೊಂದಾಗಿ ಬಂದವು, ಚಿತ್ರ ಕನ್ನಡಿಯ ಹಾಗೆ. ಸುದ್ದಿ ಓದುವವಳು ಬಾಯಿ ಆಡಿಸುತ್ತಿದ್ದಳು, ಸ್ವರವಿಲ್ಲ. ರಿಪೇರಿಯವರು ಆಗಲೇ ಬ್ಯಾಗಿನ ಜಿಪ್ ಎಳೆಯುತ್ತಿದ್ದರು.

"ಶಬ್ದ ಬರುದಿಲ್ಲ ಅಲ್ವಾ?" ಎಂದೆ.

ಅವರು ಅಚ್ಚರಿಯಿಂದ ನನ್ನ ಮುಖ ನೋಡಿದರು. "ಶಬ್ದವೂ ಬೇಕಿತ್ತಾ? ಮೊದಲೇ ಹೇಳುದಲ್ವಾ ಮೇಡಂ!"

ಪೂರ್ತಿ ಟಿವಿ

ಅದಕ್ಕೆ ಬೇರೆ ವಯರು ತರಿಸಿ ಶಬ್ದವನ್ನೂ ಬರಿಸಿದ್ದಾಯಿತು. ಭಾರತದ ಮ್ಯಾಚಿನ ದಿನ. ಬೇಗ ಅಡಿಗೆ ಮುಗಿಸಿ, ಕೋಣೆಯ ಬಾಗಿಲು ಹಾಕಿ, ಕುರ್ಚಿಯಲ್ಲಿ ಕಾಲು ಮಡಚಿ ಕೂತೆ. ಮದುವೆಯಾದ ಮೇಲೆ ಮೊದಲ ಸಲ ಒಂದು ಇನ್ನಿಂಗ್ಸ್ ಪೂರ್ತಿ ನೋಡಿದೆ. ಎರಡನೆಯ ಇನ್ನಿಂಗ್ಸಿನ ಕೊನೆಗೆ ಬರುವಾಗ ಬಾಗಿಲು ತೆರೆಯಿತು.

ಅತ್ತೆ. "ಹಾಲಿನ ಟಿವಿಯಲ್ಲಿ ಬರೀ ಹುಳ ಹುಳ ಬರ್ತದೆ" ಎಂದವರೇ ಪರದೆ ನೋಡಿ ಅಲ್ಲೇ ನಿಂತರು. "ಇದರಲ್ಲಿ ಎಷ್ಟು ಚಂದ ಬರ್ತದೆ! ಒಂದು ಐದು ನಿಮಿಷ ಹಾಕು, ಪಾಯಸ ಯಾರು ಕುಡಿದರು ಅಂತ ನೋಡಿ ಹೋಗ್ತೇನೆ."

ಹಿಂದೆಯೇ ಗಂಡನೂ ಪೇಪರ್ ಹಿಡಿದುಕೊಂಡು ಬಂದು ಮಂಚದಲ್ಲಿ ಕೂತರು. ನಾನು ಹಾಲಿಗೆ ಓಡಿದೆ. ಒಂದೇ ಕೇಬಲನ್ನು ಎರಡು ಕಡೆಗೆ ಹಂಚಿದ್ದರಿಂದ ಅಲ್ಲಿ ಆಟಗಾರರು ಯಾರು, ಹುಳ ಯಾವುದು ಎಂದು ತಿಳಿಯಲಿಲ್ಲ. ಪೇಟೆಯ ಕಡೆಯಿಂದ ಪಟಾಕಿ ಕೇಳಿದ ಮೇಲೆಯೇ ನಾವು ಗೆದ್ದದ್ದು ಗೊತ್ತಾದದ್ದು. ಒಳಗೆ ಬಂದು ಬಾಯಿಗೆ ಬಂದ ಹಾಗೆ ಕೂಗಾಡಿದೆ. ಜಾಹೀರಾತು ಬರುವವರೆಗೆ ಇಬ್ಬರೂ ತಿರುಗಿ ನೋಡಲಿಲ್ಲ.

ಮರುದಿನ ನಾನು ಶಾಲೆಗೆ ಹೋದ ಹೊತ್ತಿಗೆ ಕೇಬಲಿನವರು ಬಂದಿದ್ದರಂತೆ. ಎರಡರಲ್ಲಿ ಒಂದೇ ಸರಿ ಬರುವುದು, ಯಾವುದಕ್ಕೆ ಇಡುವ ಎಂದು ಅತ್ತೆಯನ್ನು ಕೇಳಿದರಂತೆ. ಸಂಜೆ ನಾನು ಮೆಟ್ಟಿಲು ಹತ್ತುವಾಗಲೇ ಅತ್ತೆ ನಗುನಗುತ್ತಾ ಎದುರು ಬಂದು, ನನ್ನ ಕೈಗೆ ಹಾಲಿನ ಟಿವಿಯ ರಿಮೋಟ್ ಇಟ್ಟರು.

"ತೆಗೊ. ನಿನ್ನೆ ನೀನು ಪಾಪ ತುಂಬ ಬೇಜಾರು ಮಾಡಿಕೊಂಡೆ. ವಯರನ್ನು ಕಂಪ್ಯೂಟರಿಗೆ ಹಾಕಿಸಿದ್ದೇನೆ, ನಮಗೆ ಅದು ಸಾಕು. ಟಿವಿ ಇನ್ನು ಪೂರ್ತಿ ನಿನ್ನದೇ!"