ಹದಿನೆಂಟು ಹಳದಿ ಕುರಿಗಳು

ಹಳದಿ ಬಣ್ಣ ಆರಿಸಿದ್ದೇ ತಪ್ಪು. ನೀಲಿಯೋ ಹಸಿರೋ ತಂದಿದ್ದರೆ ಡಾ. ಗುರುಪಾದನಿಗೆ ಈ ಪಾಡು ಬರುತ್ತಿರಲಿಲ್ಲ.

ಕುರಿ, ಎಮ್ಮೆಗಳ ಸಂತಾನೋತ್ಪತ್ತಿಯ ಮೇಲೆ ಇಪ್ಪತ್ತೆರಡು ವರ್ಷ ಸಂಶೋಧನೆ, ಅರವತ್ತೊಂದು ಪ್ರಬಂಧ. ಆದರೂ ಬಡ್ತಿ ಸಮಿತಿ ಮೂರು ಸಲ ಅವನನ್ನು ವಾಪಸು ಕಳಿಸಿತ್ತು. ರೈತರ ಹಟ್ಟಿಯಲ್ಲಿ ಮಾಡಿದ ಪ್ರಯೋಗ ಒಂದೂ ಇಲ್ಲವಂತೆ. ಈಗ ನಾಲ್ಕನೆಯ ಸಲ. ವರದಿ ಕಳಿಸಲು ಇವತ್ತು ಸಂಜೆ ಐದಕ್ಕೆ ಗಡುವು.

ಅದಕ್ಕೇ ಕಣಗಲಾ ಊರಿನ ಕುರುಬ ಮಾಲಿಂಗನ ಇಪ್ಪತ್ತು ಕುರಿಗಳಿಗೆ ಔಷಧಿ ಕೊಟ್ಟಿದ್ದ. ಎಲ್ಲವೂ ಒಟ್ಟಿಗೆ ಬೆದೆಗೆ ಬರಬೇಕು. ಮೊನ್ನೆ ಟಗರಿನ ಎದೆಗೆ ಹಳದಿ ಬಣ್ಣ ಬಳಿದಿದ್ದ. ಟಗರು ಯಾವ ಕುರಿಯನ್ನು ಹತ್ತಿತೋ ಅದರ ಬೆನ್ನಿಗೆ ಬಣ್ಣ, ಎಣಿಸಿ ಬರೆದರಾಯಿತು. ಅಕಾಲದಲ್ಲಿ ಮರಿ ಹುಟ್ಟದಿರಲೆಂದು ಕುರುಬರು ಟಗರಿನ ಹೊಟ್ಟೆಗೆ ಅಡ್ಡಬಟ್ಟೆ ಕಟ್ಟಿರುತ್ತಾರೆ. ಅದನ್ನು ಬಿಚ್ಚು ಎಂದೂ ಹೇಳಿದ್ದ. ಮಾಲಿಂಗ "ಹೂನ್ರಿ" ಎಂದಿದ್ದ.

ಬೆಳಿಗ್ಗೆ ಹಟ್ಟಿಗೆ ಬಂದರೆ ಇಪ್ಪತ್ತಕ್ಕೆ ಇಪ್ಪತ್ತೂ ಹಳದಿ. ಗುರುಪಾದನ ಕಣ್ಣು ತುಂಬಿ ಬಂತು. ಫೋಟೋ ತೆಗೆಯಲು ಹೋದಾಗ ನೋಡುತ್ತಾನೆ, ಕುರಿಗಳ ಮೂತಿಯೂ ಹಳದಿ, ನಾಯಿಯೂ ಹಳದಿ, ಮಾಲಿಂಗನ ತಾಯಿ ರಾಮವ್ವನ ಹಣೆಯೂ ಹಳದಿ.

"ಏನ ಯವ್ವಾ ಇದು?"

"ಭಂಡಾರ್ರಿ ಸಾಹೇಬ್ರ. ಇವತ್ತ ಬೀರಪ್ಪನ ವಾರ. ನಿಮ್ಮ ಕೆಲಸ ಕೈಗೂಡ್ಲಿ ಅಂತ ಒಂದ ಹಿಡಿ ಜಾಸ್ತೀನ ಹಾರಿಸೇನಿ."

ದೇವರ ಅರಿಶಿನದಲ್ಲಿ ವಿಜ್ಞಾನದ ಬಣ್ಣ ಎಲ್ಲಿ ಹುಡುಕುವುದು? "ಟಗರ ಎಲ್ಲೈತಿ?" ಎಂದ ಗುರುಪಾದ.

"ಮಾಲಿಂಗ ಗುಡಿಗೆ ಕರ್ಕೊಂಡ ಹೋಗ್ಯಾನ್ರಿ. ಸಂಜೀಕ ಬರ್ತಾನ."

ಬಾಜೂ ಹೊಲದ ದುಂಡಪ್ಪ ಕರೆಯದೇ ಬಂದ. "ಅದಕ್ಯಾಕ ತಲಿ ಕೆಡಿಸ್ಕೊಂತೀರಿ? ತೊಳದ್ರ ಅರಿಶಿಣ ಹೋಗತೈತಿ, ನಿಮ್ಮ ಬಣ್ಣ ಉಳೀತೈತಿ."

ದುಂಡಪ್ಪನ ಮಾತು ಕೇಳುವಾಗ ಯಾವಾಗಲೂ ಸರಿಯಾಗಿಯೇ ಇರುತ್ತದೆ. ಅವನ ಬೋರ್‌ವೆಲ್ ಹತ್ತಿರ ಒಂದೊಂದೇ ಕುರಿಯನ್ನು ಹಿಡಿದು ತೊಳೆದರು. ಏಳನೆಯ ಕುರಿ ಗುರುಪಾದನನ್ನು ಕೆಸರಿಗೆ ಕೆಡವಿತು, ಹನ್ನೊಂದನೆಯದು ಅವನ ಕನ್ನಡಕ ತುಳಿಯಿತು. ಇಪ್ಪತ್ತೂ ಮುಗಿಯುವಾಗ ಮಧ್ಯಾಹ್ನ ಮೂರೂವರೆ. ಒಂದರ ಬೆನ್ನ ಮೇಲೂ ಬಣ್ಣದ ಚುಕ್ಕೆ ಇರಲಿಲ್ಲ.

"ಹದಿನೈದ ದಿನಾ ಹೋಗೂದಿಲ್ಲ ಅಂತ ಡಬ್ಬಿ ಮ್ಯಾಲ ಬರದಿತ್ತಲ್ಲೋ ಮಾರಾಯಾ."

"ನೀರಿಗೆ ನಮ್ಮ ಅರಬಿ ತೊಳಿಯೂ ಪುಡಿ ಹಾಕಿದ್ದೆನ್ರಿ. ಭಾಳ ಜಬರ್ದಸ್ತ ಐತಿ ಅದು," ಎಂದ ದುಂಡಪ್ಪ ಹೆಮ್ಮೆಯಿಂದ.

ಗುರುಪಾದನಿಗೆ ಅವನ ಕುತ್ತಿಗೆ ಹಿಸುಕುವಷ್ಟು ಸಿಟ್ಟು ಬಂತು. ಹಿಸುಕಲು ಶಕ್ತಿ ಇರಲಿಲ್ಲ. ಕಲ್ಲಿನ ಮೇಲೆ ಕುಸಿದು ಕೂತ. ರಾಮವ್ವ ಮಜ್ಜಿಗೆ ತಂದುಕೊಟ್ಟಳು.

"ಇದ ಕಡೀ ಸಲ ಯವ್ವಾ. ಇದೂ ಹೋದ್ರ ನಾ ಇದ್ದಲ್ಲೇ ರಿಟೈರ್ ಆಗಬೇಕು."

"ಎಷ್ಟ ಕುರಿ ಆಗಬೇಕಿತ್ರಿ ನಿಮಗ?"

"ಹದಿನೆಂಟ ಆಗಿದ್ರ ಸಾಕಿತ್ತು."

ರಾಮವ್ವ ಕುರಿಗಳನ್ನೊಮ್ಮೆ ನಿಧಾನಕ್ಕೆ ನೋಡಿದಳು. "ಎರಡ ದಿನಾ ನಾ ಹಟ್ಟಿ ಬಿಟ್ಟ ಕದಲಿಲ್ರಿ. ಆ ಕಿವಿ ಹರಕಿ, ಈ ಕರೀದು, ಇವೆರಡ ಬಿಟ್ಟ ಎಲ್ಲಾ ಆಗ್ಯಾವ."

ಕಣ್ಣಾರೆ ಕಂಡ ಸಾಕ್ಷಿ. ಗುರುಪಾದ ಮುದುಕಿಯ ಕಾಲಿಗೆ ಬೀಳುವುದೊಂದು ಬಾಕಿ. ದುಂಡಪ್ಪನ ಟ್ರ್ಯಾಕ್ಟರ್ ಮೇಲೆ ಹತ್ತಿ ನಿಂತು, ಮೊಬೈಲಿಗೆ ನೆಟ್‌ವರ್ಕ್ ಹಿಡಿದು, ಐದಕ್ಕೆ ಮೂರು ನಿಮಿಷ ಇರುವಾಗ ವರದಿ ಕಳಿಸಿದ: ಇಪ್ಪತ್ತರಲ್ಲಿ ಹದಿನೆಂಟು.

ಕೆಳಗಿಳಿಯುವಷ್ಟರಲ್ಲಿ ಮಾಲಿಂಗ ಟಗರು ಹಿಡಿದುಕೊಂಡು ಬಂದ. ಅದರ ಎದೆಯ ಮೇಲಿನ ಬಣ್ಣ ಈಗಷ್ಟೇ ಬಳಿದಂತೆ ಹೊಳೆಯುತ್ತಿತ್ತು, ಒಂದು ಕುರಿಗೂ ತಾಗಿದ ಗುರುತಿರಲಿಲ್ಲ. ಹೊಟ್ಟೆಯಡಿ ಅಡ್ಡಬಟ್ಟೆ ಬಿಗಿಯಾಗಿ ಕಟ್ಟಿಕೊಂಡೇ ಇತ್ತು.

"ಬಿಚ್ಚಲಿಲ್ಲೇನೋ ಇದನ್ನ?" ಗುರುಪಾದ ಬಟ್ಟೆಯ ಗಂಟು ಎಳೆದು ನೋಡಿದ.

"ಅಮಾಸಿ ಮುಂದ ಹೆಂಗ ಬಿಚ್ಚೂದ್ರಿ? ಸೋಮಾರ ಬಿಚ್ಚ ಅಂದಾನ ಪೂಜಾರಿ."

ಗುರುಪಾದ ರಾಮವ್ವನ ಕಡೆ ತಿರುಗಿದ. "ಮತ್ತ ಆ ಹದಿನೆಂಟು?"

"ನೀವು ಅಷ್ಟ ನೊಂದ ಕುಂತಿದ್ರಿ," ಎಂದಳು ರಾಮವ್ವ. "ಇಪ್ಪತ್ತೂ ಅಂದಿದ್ರ ನೀವು ನಂಬತಿದ್ದಿಲ್ಲ."

ಅಷ್ಟರಲ್ಲಿ ಫೋನು ಬಂತು. ಸಮಿತಿಯ ಅಧ್ಯಕ್ಷರು. "ಸರ್, ಒಂದು ತಪ್ಪಾಗಿದೆ" ಎಂದು ಗುರುಪಾದ ಶುರು ಮಾಡಿದ. ಅವರು ಕೇಳಿಸಿಕೊಳ್ಳಲೇ ಇಲ್ಲ. "ತಪ್ಪು ನಮ್ಮದು ಡಾಕ್ಟ್ರೇ, ಮೂರು ಸಲ ನಿಮ್ಮನ್ನು ಗುರುತಿಸಲಿಲ್ಲ. ನಾಳೆ ಬೆಳಿಗ್ಗೆ ನಾವೆಲ್ಲ ಅಲ್ಲಿಗೇ ಬಂದು, ಬೆನ್ನಿನ ಬಣ್ಣ ಎಣಿಸಿ ಸಹಿ ಹಾಕುತ್ತೇವೆ" ಎಂದು ಫೋನಿಟ್ಟರು.

ಗುರುಪಾದ ತಲೆ ಮೇಲೆ ಕೈ ಹೊತ್ತು ಕೂತ. ಏನಾಯಿತೆಂದು ಕೇಳಿ ತಿಳಿದುಕೊಂಡ ರಾಮವ್ವ ಅವನ ಬೆನ್ನು ಸವರಿದಳು.

"ಇಷ್ಟಕ್ಕ ಯಾಕ ಅಂಜತೀರಿ ಸಾಹೇಬ್ರ? ಭಂಡಾರ ಇನ್ನೂ ಅರ್ಧಾ ಚೀಲ ಐತಿ. ಹದಿನೆಂಟಕ್ಕ ಹಚ್ಚಿದ್ರ ಸಾಕಲ್ರಿ?"