ತೊಡೆ ತಟ್ಟಿ ಕಲಿತ ಭಾಷೆ

ಇಳಕಲ್ಲಿನಲ್ಲಿ ಕೂತು ಸ್ಪ್ಯಾನಿಷ್ ಕಲಿತವರು ನಮ್ಮ ಕಾಕಾ ಎಂದರೆ ನೀವು ನಂಬುವುದಿಲ್ಲ. ಮಾತಾಡುವುದಕ್ಕಲ್ಲ, ಅದರ ಶಬ್ದಗಳನ್ನು ತುಂಡು ಮಾಡುವುದಕ್ಕೆ! ತುಂಡಿಗೊಂದು ಸಲ ತೊಡೆ ತಟ್ಟುವುದು, ಒತ್ತು ಬೀಳುವಲ್ಲಿ ಜೋರಾಗಿ ಬಡಿಯುವುದು. ಶಬ್ದ ಸ್ವರದಿಂದ ಮುಗಿದರೆ ಸಾಮಾನ್ಯವಾಗಿ ಕೊನೆಯದರ ಹಿಂದಿನ ತುಂಡಿಗೆ ಒತ್ತಂತೆ. "ಮಾ-ರಿ-ಪೋ-ಸಾ." ಅಂದರೆ ಚಿಟ್ಟೆ. 'ಪೋ' ಬಂದಾಗ ತೊಡೆಯ ಗತಿ ಏನಾಗಬೇಕು?

ಕಾಕಾಗೆ ಸಣ್ಣಂದಿನಿಂದ ಮಾತು ತೊದಲುತ್ತದೆ. ಅವರ ಮಗಳು ಮೊಬೈಲಿನಲ್ಲಿ ಭಾಷೆಯ ಪಾಠ ಹಾಕಿಕೊಟ್ಟಾಗ, ಸ್ಪ್ಯಾನಿಷನ್ನೇ ಯಾಕೆ ಹಿಡಿದಿರಿ ಎಂದು ಕೇಳಿದೆ.

"ಇ... ಇದರಾಗ ತೊದಲಿದ್ರ ನಗಾವ್ರು ನಮ್ಮೂರಾಗ ಯಾರದಾರಲೇ?"

ಅವರ ಹೆಂಡತಿ, ನಮ್ಮ ಕಾಕು, ರೊಟ್ಟಿ ಬಡಿಯುವಾಗಲೂ ಇವರದು ಪಕ್ಕದಲ್ಲೇ ಪಾಠ. "ನಿಮ್ಮ ಒತ್ತಿನ ಸಂಗಟ ನನ್ನ ರೊಟ್ಟಿ ಹರೀತ ನೋಡ್ರಿ," ಎಂದು ಕಾಕು ಗೊಣಗುತ್ತಿದ್ದರು.

ಒಮ್ಮೆ ಹುನಗುಂದದ ಬಸ್ಸಿನಲ್ಲಿ ಕಾಕಾ ಒತ್ತು ಕೊಟ್ಟದ್ದು ಬಸ್ಸಿನ ತಗಡಿಗೆ. ಡ್ರೈವರ್ ಹೊಲದ ನಡುವೆ ಬ್ರೇಕ್ ಹಾಕಿದ.

"ಯಾರ್ರಿ ಇಳಿಯಾವ್ರು? ಲಗೂನ ಇಳೀರಿ," ಅಂದ ಕಂಡಕ್ಟರ್.

ಕಾಕಾ ತೆಪ್ಪಗೆ ಇಳಿದೇಬಿಟ್ಟರು. ಬಾಯಿಬಿಟ್ಟು ವಿವರಿಸುವುದಕ್ಕಿಂತ ಹುನಗುಂದದವರೆಗೆ ನಡೆಯುವುದೇ ಅವರಿಗೆ ಸುಲಭ. ಜೊತೆಗಿದ್ದದ್ದು ನನ್ನ ಕರ್ಮ, ನಾನೂ ನಡೆದೆ.

ಮಗಳ ಮದುವೆ ಗೊತ್ತಾದ ಮೇಲೆ ಮಾತ್ರ ಮನೆಯಲ್ಲಿ ನಗು ನಿಂತಿತು. ನಮ್ಮ ಕಡೆ ಮದುವೆಯಲ್ಲಿ ಹಿರಿಯ ಜೋಡಿಗಳನ್ನೂ ತಡೆದು ಹೆಸರು ಹೇಳಿಸುತ್ತಾರೆ. ತಮ್ಮ ಮದುವೆಯಲ್ಲಿ ಕಾಕಾ ಹೆಂಡತಿಯ ಹೆಸರಿನ ಮೊದಲ ಅಕ್ಷರದಲ್ಲೇ ಸಿಕ್ಕಿಬಿದ್ದು, ಮಂಟಪವೆಲ್ಲ ನಕ್ಕಿತ್ತಂತೆ. ಅಂದಿನಿಂದ ಅವರು ಆ ಹೆಸರು ಕರೆದದ್ದೇ ಇಲ್ಲ. 'ಇಕಿ' ಎನ್ನುವುದರಲ್ಲೇ ಸಂಸಾರ ನಡೆದಿದೆ. ಈಗ ಬೀಗರ ಮುಂದೆ ಮತ್ತೆ ಹಾಗೇ ಆದರೆ?

"ಆ ಹೊತ್ತಿಗೆ ನೀವು ಹೊರಗ ಹೋಗಿಬಿಡ್ರಿ," ಅಂದರು ಕಾಕು.

"ಇ... ಇಲ್ಲ. ಹೇಳ್ತೇನಿ."

ಮದುವೆಯ ದಿನ ಬೀಗತಿಯರು ಬಾಗಿಲಿಗೆ ಅಡ್ಡ ನಿಂತೇಬಿಟ್ಟರು. "ಹೆಸರು ಹೇಳ್ರಿ, ಇಲ್ಲಂದ್ರ ಒಳಗ ಬಿಡಂಗಿಲ್ಲ."

"ಅ..." ಕಾಕಾ ನಿಂತರು. "ಅ... ಅ..." ಯಾರೋ ಕಿಸಕ್ಕೆಂದರು. ಆ ಹೆಸರನ್ನು ನಾನೇ ಕೂಗಿಬಿಡಲೇ ಅನಿಸಿತು.

ಆಗ ಕಾಕು ಮೆಲ್ಲಗೆ ಅವರ ಮುಂಗೈ ಮೇಲೆ ಬೆರಳಿಟ್ಟು ತಟ್ಟಿದರು. ಎರಡು ಹಗುರ, ಒಂದು ಜೋರು, ಮತ್ತೊಂದು ಹಗುರ. ಒಲೆಯ ಮುಂದೆ ಗೊಣಗುತ್ತಲೇ ಅವರೂ ಪಾಠ ಕಲಿತಿದ್ದರು.

ಕಾಕಾ ಕಣ್ಣು ಮುಚ್ಚಿದರು. "ಅ-ನ-ಸೂ-ಯಾ."

ಬೀಗತಿಯರು ದಾರಿ ಬಿಟ್ಟರು. ಕಾಕಾ ಒಳಗೆ ಹೋಗಲಿಲ್ಲ. ಯಾರೂ ಕೇಳದಿದ್ದರೂ, ಕಾಕುವಿನ ಕಡೆ ತಿರುಗಿ ಇನ್ನೊಮ್ಮೆ ಅಂದರು:

"ಅನಸೂಯಾ."

"ಏನ್ರಿ?" ಅಂದರು ಕಾಕು.